ಅಳತೆ ಪುಸ್ತಕದ ಕೊನೇ ಹಾಳೆ

ಬಟ್ಟೆ ಚೂರು ಹಸಿಯೋ ಒಣವೋ ಎಂದು
ಮೊದಲ ದಿನವೇ ಜಗಳ.
ನಗರಸಭೆಯ ಆಟೊ ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ
ಹಾಡು ಹಾಕಿಕೊಂಡು ನಿಂತಿತ್ತು. ಇನ್ನೂ ಬೆಳಗಾಗಿರಲಿಲ್ಲ.
ಹಸಿರು ಬುಟ್ಟಿಗೆ ಸುರಿಯಹೋದ ನನ್ನನ್ನು ತಡೆದು
ಸಣ್ಣತಾಯಮ್ಮ ಅಂದಳು:
"ಇದು ಕೊಳೆಯೋದಾ? ನೀವೇ ಹೇಳಿ ಟೇಲರಣ್ಣ.
ಟೆರಿಕಾಟು. ನಾನು ಸತ್ತು ಮಣ್ಣಾದ್ರೂ ಇದು ಆಗಲ್ಲ."

ಮೂವತ್ತೊಂದು ವರ್ಷ ಕತ್ತರಿ ಹಿಡಿದವನು ನಾನು.
ಯಾವ ಅಂಗಿಗೆ ಎಷ್ಟು ಗೇಣು ಮಿಗುತ್ತದೆಂದು ಗೊತ್ತು,
ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆಂದು
ಕೇಳಿಕೊಂಡವನಲ್ಲ.
ಬಾಗಿಲಾಚೆ ಇಟ್ಟರೆ ಹೋಗುತ್ತಿತ್ತು. ಅಷ್ಟೇ.
ಹೋಗುವುದು ಎಂಬುದೇ ಒಂದು ಊರಿನ ಹೆಸರೇನೋ ಎಂಬಂತೆ.

ಆಮೇಲೆ ಕಲಿತೆ. ಹತ್ತಿಯ ಚೂರೆಲ್ಲ ಒಂದು ಗೋಣಿಗೆ
(ಕಟ್ಟಿನಕೆರೆ ಮಾರ್ಕೆಟ್ಟಿನ ಆಲೂಗಡ್ಡೆ ಚೀಲ,
ಮಣ್ಣಿನ ವಾಸನೆ ಇನ್ನೂ ಬಿಟ್ಟಿಲ್ಲ),
ಅದನ್ನು ಹಾಸಿಗೆ ತುಂಬುವ ರಹಮತುಲ್ಲಾ ಒಯ್ಯುತ್ತಾನೆ.
ಟೆರಿಕಾಟು ಒಣಕ್ಕೆ. ಚಹಾ ಚರಟ, ಬಾಳೆಸಿಪ್ಪೆ ಹಸಿಗೆ.
ಮುರಿದ ಸೂಜಿ ಮಾತ್ರ ಹಳೇ ಪೌಡರ್ ಡಬ್ಬಿಯಲ್ಲಿ;
ಅಲ್ಲಾಡಿಸಿದರೆ ಗಿಲಕಿಯ ಸದ್ದು.

ಕನ್ನಡಿ ಒಡೆದದ್ದು ಶನಿವಾರ ಸಂಜೆ.
ಗಿರಾಕಿಗಳು ತಿರುಗಿ ತಿರುಗಿ ಬೆನ್ನು ನೋಡಿಕೊಳ್ಳುವ
ಆಳೆತ್ತರದ ಕನ್ನಡಿ. ಯಾರದೋ ಹುಡುಗನ ಚೆಂಡು.
ಬೈದು, ಗುಡಿಸಿ, ಚೂರುಗಳನ್ನು ಒಣ ಕಸದ ಚೀಲಕ್ಕೆ ತುಂಬಿ
ಮೇಲೆ ಖಾಕಿ ಚಿಂದಿ ಹೊದಿಸಿದೆ,
ಮಲಗಿದ ಮಗುವಿಗೆ ಹೊದಿಸಿದ ಹಾಗೆ.
ತಪ್ಪು ಅನ್ನಿಸಲಿಲ್ಲ. ನೀಟಾಗಿ ಕಂಡಿತು.

ಹತ್ತೊಂಬತ್ತು ದಿನ ಅವಳು ಬರಲಿಲ್ಲ.
ಬದಲಿಗೆ ಬಂದ ಹುಡುಗ ಎಲ್ಲ ಬೆರೆಸಿ ಸುರಿದುಕೊಂಡು ಹೋದ.
ಬೀದಿಯೂ ಬೆರೆಸಿಯೇ ಕೊಟ್ಟಿತು. ಸುಳ್ಳೇಕೆ, ಹಾಯೆನಿಸಿತು.

ಇಪ್ಪತ್ತನೇ ದಿನ, ಬಲಗೈಗೆ ಪಟ್ಟಿ.
"ಕನ್ನಡಿ ನಿಮ್ದೇ" ಅಂದಳು, ಸಿಟ್ಟಿಲ್ಲದೆ,
ಕರೆಂಟು ಬಿಲ್ಲು ಓದಿದ ಹಾಗೆ.
"ಖಾಕಿ ಚೂರಿತ್ತಲ್ಲ ಜೊತೇಲಿ.
ಈ ಬೀದೀಲಿ ಖಾಕಿ ಇನ್ಯಾರು ಹೊಲೀತಾರೆ?"

ಇನ್ನು ಮೇಲೆ ಪೇಪರಲ್ಲಿ ಸುತ್ತಿ
ಗಾಜು ಅಂತ ಬರೆದಿಡ್ತೀನಿ, ಅಂದೆ.
ನಕ್ಕಳು. "ಏಳನೇ ಕ್ಲಾಸು ನಾನು. ಓದು ನನಗೆ ಬರುತ್ತೆ,
ಕತ್ತಲೆಗೆ ಬರಲ್ಲ."

ಹಾಗಾಗಿ ದಾರ. ಬಣ್ಣ ಯಾವುದಾದರೇನು,
ಏಳು ಸುತ್ತು, ಮೇಲೆ ಬೆರಳಿಗೆ ಸಿಗುವಂಥ ದಪ್ಪ ಗಂಟು.
ಒಂದು ಗಂಟೆಂದರೆ ಗಾಜು.
ಎದುರು ಸಲೂನಿನ ಯತಿರಾಜ ಬ್ಲೇಡಿಗೆ ಎರಡು ಹಾಕತೊಡಗಿದ.
ಸಕ್ಕರೆ ಕಾಯಿಲೆಯ ಫಿಲೋಮಿನಾ ಟೀಚರ್, ಇನ್ಸುಲಿನ್ ಸೂಜಿಗೆ ಮೂರು.
ನಾಲ್ಕು ಗಂಟಿನ ಪೊಟ್ಟಣವೊಂದು ಒಮ್ಮೆ ಸಿಕ್ಕಿತಂತೆ;
ಜೋಪಾನವಾಗಿ ಬಿಚ್ಚಿದರೆ ಒಳಗೆ ಎರಡು ಒಬ್ಬಟ್ಟು.
ಏನು ಮಾಡಿದೆ, ಕೇಳಿದೆ.
"ಹಸಿಗೆ ಹಾಕ್ದೆ. ಕೊಡೋದಾದ್ರೆ ಕೈಗೆ ಕೊಡ್ಲಿ."

ಮೊನ್ನೆ ಭಾನುವಾರ ಅಂಗಡಿಯೊಳಗೆ ಕರೆದೆ.
ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.
ಬೇಡವೆಂದರೂ ಚಪ್ಪಲಿ ಬಿಟ್ಟಳು.
ಎದೆ, ಸೊಂಟ, ತೋಳು, ಕಾಲರು ಎಂದು ಕಾಲಮ್ಮುಗಳಿರುವ
ನನ್ನ ಅಳತೆ ಪುಸ್ತಕದಲ್ಲಿ ಅಂಗೈಗೆ ಜಾಗವಿಲ್ಲ.
ಕೊನೇ ಹಾಳೆಯಲ್ಲಿ ಗೆರೆ ಎಳೆದುಕೊಂಡೆ:
ಹೆಬ್ಬೆರಳು ಎರಡೂವರೆ. ನಡುಬೆರಳು ಮೂರೂಕಾಲು.
ಅಂಗೈ ಸುತ್ತಳತೆ ಎಂಟು. ಕಲೆ, ಒಂದೂಮುಕ್ಕಾಲು.
ಹೊಲಿಗೆಗೆ ಅದು ಬೇಕಿಲ್ಲ. ಆದರೂ ಬರೆದೆ.

ಜೀನ್ಸಿನ ಚೂರು, ಎರಡು ಪದರ, ಒಳಗೆ ಹತ್ತಿ.
ಬುಧವಾರ ಕೊಡ್ತೀನಿ, ಅಂದೆ.
ಪುಸ್ತಕದೊಳಗೆ ಬಗ್ಗಿ ನೋಡಿದಳು.
"ಯಾವ ಬುಧವಾರ ಅಂತಲೂ ಬರೀರಿ."